ಉದ್ದ ಚಿತ್ರದ ಕ್ಯಾಮೆರಾಕ್ಕೆ ದೂರದ ಲೆನ್ಸು ಬೇಕಾ?

ಮೊಬೈಲಿನಲ್ಲಿ ಪನೋರಮಾ ತೆಗೆಯುವುದು ನಿಮಗೆಲ್ಲ ಗೊತ್ತೇ ಇದೆ. ಕೆರೆ ಏರಿ ಮೇಲೆ ನಿಂತು ಫೋನನ್ನು ನಿಧಾನಕ್ಕೆ ತಿರುಗಿಸಿದರೆ ಇಡೀ ಕೆರೆ ಒಂದೇ ಪಟ್ಟಿಯಲ್ಲಿ ಬರುತ್ತದೆ. ಮಧ್ಯೆ ಯಾರಾದರೂ ನಡೆದು ಹೋದರೆ ಅವರಿಗೆ ಮೂರು ಕಾಲು! ಮನೆಗೆ ಬಂದು ನೋಡಿದಾಗ ಇನ್ನೊಂದು ಬೇಜಾರು: ಕಣ್ಣಿಗೆ ದೊಡ್ಡದಾಗಿ ಕಂಡಿದ್ದ ಆಚೆ ಗುಡ್ಡ ಚಿತ್ರದಲ್ಲಿ ಒಂದು ಗೆರೆಯಾಗಿರುತ್ತದೆ.

ನಮ್ಮ ಗುಂಪಿನ ಗೆಳೆಯನೊಬ್ಬನಿಗೆ ಈಗ ಇದೇ ಬೇಜಾರು ದೊಡ್ಡ ಖರ್ಚಿನ ಪ್ರಶ್ನೆಯಾಗಿದೆ. ಮದುವೆ ಫೋಟೊ ತೆಗೆದು ಕೂಡಿಸಿದ ದುಡ್ಡಿನಲ್ಲಿ ಅವನು ಹಳೆಯದೊಂದು ಹ್ಯಾಸಲ್‌ಬ್ಲಾಡ್ ಎಕ್ಸ್‌ಪ್ಯಾನ್ ಕೊಂಡಿದ್ದಾನೆ. ರೀಲು ಹಾಕುವ ಕ್ಯಾಮೆರಾ. ಅದರ ಜೊತೆ 45 ಎಂಎಂ ಲೆನ್ಸು ಬಂದಿದೆ. ಈಗ 90 ಎಂಎಂ ಟೆಲಿಫೋಟೊ ಲೆನ್ಸು ಮಾರುವವರೊಬ್ಬರು ಸಿಕ್ಕಿದ್ದಾರೆ. ಆ ದುಡ್ಡಿಗೆ ಒಂದು ಹಸು ಬರುತ್ತದೆ. ತಗೊಳ್ಳಲಾ ಬೇಡವಾ ಎಂದು ಅವನು ಕೇಳಿದಾಗ ನನಗೆ ನೆನಪಾದದ್ದು ಉದ್ದ ಚಿತ್ರಗಳ ಇತಿಹಾಸ. ಏಕೆಂದರೆ ಬಹಳ ವರ್ಷ ಈ ಕ್ಯಾಮೆರಾಗಳಲ್ಲಿ ಇಂಥ ಪ್ರಶ್ನೆ ಕೇಳುವುದೇ ಕಷ್ಟವಾಗಿತ್ತು.

1845ರ ಸುಮಾರಿಗೆ ಪ್ಯಾರಿಸ್‌ನಲ್ಲಿದ್ದ ಫ್ರೆಡ್ರಿಕ್ ಫಾನ್ ಮಾರ್ಟೆನ್ಸ್ ಎಂಬಾತ ತಿರುಗುವ ಲೆನ್ಸಿನ ಕ್ಯಾಮೆರಾ ಮಾಡಿದ. ಬಾಗಿಸಿದ ಲೋಹದ ತಗಡಿನ ಮುಂದೆ ಲೆನ್ಸು ಕೈ ಹಿಡಿಕೆಯಿಂದ ತಿರುಗುತ್ತಿತ್ತು. ಸುಮಾರು 150 ಡಿಗ್ರಿಯ ನೋಟ ಸಿಗುತ್ತಿತ್ತು. ಮುಂದೆ ರಷ್ಯಾದ ಹೊರಿಜಾಂಟ್, ಜಪಾನಿನ ವೈಡ್‌ಲಕ್ಸ್ ಎಲ್ಲ ಇದೇ ಉಪಾಯದವು.

ಈ ಉಪಾಯದಲ್ಲೊಂದು ಗಂಟು ಇದೆ. ಲೆನ್ಸು ತಿರುಗುವಾಗ ರೀಲು ಅದರ ಸುತ್ತ ಕಮಾನಿನಂತೆ ಬಾಗಿರಬೇಕು. ಲೆನ್ಸಿನಿಂದ ರೀಲಿಗೆ ಇರುವ ದೂರ ಆ ಲೆನ್ಸಿನ ಅಳತೆಯೇ. 28 ಎಂಎಂ ಲೆನ್ಸು 120 ಡಿಗ್ರಿ ತಿರುಗಿದರೆ ಸುಮಾರು 58 ಎಂಎಂ ರೀಲು ಸಾಕು. ಅದೇ ಜಾಗದಲ್ಲಿ 90 ಎಂಎಂ ಹಾಕಲು ಹೊರಟರೆ ಸುಮಾರು 188 ಎಂಎಂ ರೀಲು ಬೇಕು, ಕಮಾನು ಮೂರು ಪಟ್ಟು ದೊಡ್ಡದಾಗಬೇಕು. ಎಂದರೆ ಲೆನ್ಸು ಬದಲಿಸುವುದಲ್ಲ, ಕ್ಯಾಮೆರಾವನ್ನೇ ಬದಲಿಸುವುದು. ಎತ್ತಿನ ಗಾಡಿಗೆ ಟ್ರ್ಯಾಕ್ಟರ್ ಚಕ್ರ ಹಾಕಿದ ಹಾಗೆ.

1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಸರ್ಕಟ್ ಕ್ಯಾಮೆರಾ ಬೇರೆ ದಾರಿ ಹಿಡಿಯಿತು. ಅದರಲ್ಲಿ ಇಡೀ ಕ್ಯಾಮೆರಾವೇ ಹಲ್ಲುಚಕ್ರದ ಮೇಲೆ ಸುತ್ತುತ್ತಿತ್ತು, ಒಳಗೆ ರೀಲು ಅದಕ್ಕೆ ಸರಿಯಾಗಿ ಓಡುತ್ತಿತ್ತು. ಶಾಲೆಯ ಗುಂಪು ಫೋಟೊ ತೆಗೆಯುವಾಗ ತುಂಟ ಹುಡುಗ ಒಂದು ತುದಿಯಲ್ಲಿ ನಿಂತು, ಆಮೇಲೆ ಹಿಂದಿನಿಂದ ಓಡಿ ಇನ್ನೊಂದು ತುದಿಯಲ್ಲೂ ನಿಲ್ಲುತ್ತಿದ್ದ. ಒಂದೇ ಫೋಟೊದಲ್ಲಿ ಎರಡು ಸಲ! ಇದಕ್ಕೆ ಬೇರೆ ಬೇರೆ ಅಳತೆಯ ಲೆನ್ಸು ಹಾಕಬಹುದಿತ್ತು. ಆದರೆ ಅಳತೆ ಬದಲಾದಾಗಲೆಲ್ಲ ಹಲ್ಲುಚಕ್ರವನ್ನೂ ಬದಲಿಸಬೇಕು. ರೀಲಿನ ಖರ್ಚಂತೂ ಕೇಳಬೇಡಿ. 250 ಎಂಎಂ ಲೆನ್ಸಿನಲ್ಲಿ ಒಂದು ಪೂರ್ತಿ ಸುತ್ತಿಗೆ ಒಂದೂವರೆ ಮೀಟರಿಗಿಂತ ಹೆಚ್ಚು ರೀಲು.

ಮೂರನೆಯ ದಾರಿ ಸರಳ. ಏನನ್ನೂ ತಿರುಗಿಸದೆ, ರೀಲನ್ನು ಚಪ್ಪಟೆಯಾಗಿಯೇ ಇಟ್ಟು ಫ್ರೇಮನ್ನು ಮಾತ್ರ ಅಗಲ ಮಾಡುವುದು. 1993ರಲ್ಲಿ ಬಂದ ಫ್ಯೂಜಿ ಜಿಎಕ್ಸ್617ಕ್ಕೆ 90ರಿಂದ 300 ಎಂಎಂವರೆಗೆ ನಾಲ್ಕು ಲೆನ್ಸುಗಳಿದ್ದವು. ಒಂದು ರೀಲಿಗೆ ಬರೀ ನಾಲ್ಕು ಚಿತ್ರ. 1998ರಲ್ಲಿ ಫ್ಯೂಜಿ ಮತ್ತು ಹ್ಯಾಸಲ್‌ಬ್ಲಾಡ್ ಸೇರಿ ಇದೇ ಉಪಾಯವನ್ನು ಸಾಮಾನ್ಯ 35 ಎಂಎಂ ರೀಲಿಗೆ ತಂದವು. ಅದೇ ಎಕ್ಸ್‌ಪ್ಯಾನ್. ಸಾಮಾನ್ಯ ಫ್ರೇಮು 24 × 36 ಎಂಎಂ ಇದ್ದರೆ ಇದರದ್ದು 24 × 65. 36 ಚಿತ್ರದ ರೀಲಿನಲ್ಲಿ 21 ಉದ್ದ ಚಿತ್ರ ಸಿಗುತ್ತವೆ. ರೀಲು ಹಾಕಿದ ಕೂಡಲೇ ಕ್ಯಾಮೆರಾ ಅದನ್ನು ಪೂರ್ತಿ ಹೊರಗೆಳೆದು, ತೆಗೆದ ಚಿತ್ರಗಳನ್ನು ಒಂದೊಂದಾಗಿ ಡಬ್ಬಿಯೊಳಕ್ಕೆ ಸೇರಿಸುತ್ತದೆ. ಅಕಸ್ಮಾತ್ ಹಿಂಬಾಗಿಲು ತೆರೆದುಕೊಂಡರೂ ತೆಗೆದ ಚಿತ್ರ ಉಳಿಯುತ್ತವೆ. ನನಗೆ ಈ ಕ್ಯಾಮೆರಾದಲ್ಲಿ ಎಲ್ಲಕ್ಕಿಂತ ಇಷ್ಟವಾದ ಬುದ್ಧಿ ಇದು.

ಇದಕ್ಕೆ ಬಂದ ಲೆನ್ಸುಗಳು ಮೂರೇ: 30, 45, 90. ಈಗ ಗೆಳೆಯನ 90ಕ್ಕೆ ಬರೋಣ. ಹೆಸರಿಗೆ ಟೆಲಿಫೋಟೊ. ಆದರೆ ಫ್ರೇಮು ಅಷ್ಟು ಅಗಲ ಇರುವುದರಿಂದ ಅದು ಅಡ್ಡಡ್ಡ ಸುಮಾರು 40 ಡಿಗ್ರಿ ನೋಡುತ್ತದೆ. ಸಾಮಾನ್ಯ ಕ್ಯಾಮೆರಾದಲ್ಲಿ ಎಲ್ಲರ ಬಳಿ ಇರುವ 50 ಎಂಎಂ ಲೆನ್ಸು ನೋಡುವುದೂ ಅಷ್ಟೇ ಅಗಲ! ಮೇಲೆ ಕೆಳಗೆ ಕತ್ತರಿಸಿದಂತಿರುತ್ತದೆ ಅಷ್ಟೆ. ಹಕ್ಕಿ ಹಿಡಿಯುವ ಲೆನ್ಸು ಇದಲ್ಲ. ಒಂದರ ಹಿಂದೊಂದು ನಿಂತ ಗುಡ್ಡಗಳು, ಗದ್ದೆಯಾಚೆಯ ತೆಂಗಿನ ಸಾಲು, ಇಂಥವಕ್ಕೆ ಚೆನ್ನ. ಅಂಚು ಕಪ್ಪಾಗುವ ತೊಂದರೆಯೂ 45ಕ್ಕಿಂತ ಕಡಿಮೆ.

ಲೆನ್ಸು ಇಲ್ಲದಿದ್ದರೆ ಏನು ಮಾಡುತ್ತಿದ್ದರು? 1858ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದ ಶಾಸನಗಳ ಫೋಟೊ ತೆಗೆದ. ನಿಂತಲ್ಲಿ ತಿರುಗಲಿಲ್ಲ, ಗೋಡೆಯುದ್ದಕ್ಕೂ ಕ್ಯಾಮೆರಾ ಸರಿಸುತ್ತಾ ಹೋಗಿ 21 ಚಿತ್ರ ಜೋಡಿಸಿದ. ಸುಮಾರು 19 ಅಡಿ ಉದ್ದದ ಚಿತ್ರವಾಯಿತು. ಪ್ರಾಗ್‌ನ ಯೋಸೆಫ್ ಸುದೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಹಳೆಯ ಕೊಡಾಕ್ ಪನೋರಾಮ್ ಹೊತ್ತು ಊರೆಲ್ಲ ಸುತ್ತಿ, 1959ರಲ್ಲಿ ಒಂದು ಪುಸ್ತಕವನ್ನೇ ತಂದ. ಅದರ ಲೆನ್ಸು ಬದಲಿಸುವಂಥದ್ದಲ್ಲ. ಹತ್ತಿರದಿಂದ ಬೇಕೆಂದರೆ ಹತ್ತಿರ ಹೋಗಬೇಕಿತ್ತು. ಹಾಗಂತ ಕಣಿವೆಯಾಚೆಯ ಗುಡ್ಡಕ್ಕೆ ನಡೆದು ಹೋದರೆ ಈಚೆಯಿಂದ ಕಂಡ ನೋಟ ಸಿಗುವುದಿಲ್ಲ, ಅದೂ ನಿಜ. ಗೆಳೆಯನ ವಾದವೂ ಇದೇ.

ನನ್ನ ಹೆದರಿಕೆ ಬೇರೆ. ಎಕ್ಸ್‌ಪ್ಯಾನ್ ತಯಾರಿಕೆ 2006ರಲ್ಲೇ ನಿಂತಿತು. ಒಳಗೆಲ್ಲ ವಿದ್ಯುತ್ ಸರ್ಕ್ಯೂಟು, ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. 90 ಎಂಎಂ ಲೆನ್ಸು ಈ ಕ್ಯಾಮೆರಾ ಮತ್ತು ಇದರದ್ದೇ ಫ್ಯೂಜಿ ಅವಳಿಗಾಗಿ ಮಾಡಿದ್ದು. ಕ್ಯಾಮೆರಾ ಸತ್ತ ದಿನ ಲೆನ್ಸು ಅಟ್ಟಕ್ಕೆ.

ಅವನಿಗೆ ಒಂದು ಕೆಲಸ ಹೇಳಿದೆ. ರಟ್ಟಿನಲ್ಲಿ 65 ಎಂಎಂ ಅಗಲ, 24 ಎಂಎಂ ಎತ್ತರದ ಕಿಂಡಿ ಕತ್ತರಿಸು. ಕಣ್ಣಿನಿಂದ 9 ಸೆಂಟಿಮೀಟರ್ ದೂರ ಹಿಡಿದರೆ 90ರ ನೋಟ, ನಾಲ್ಕೂವರೆಗೆ ತಂದರೆ 45ರ ನೋಟ. ಖರ್ಚಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಒಂದು ವಾರ ಓಡಾಡಿದ. ಹಳೆಯ ರೀಲುಗಳನ್ನೂ ಹರಡಿಕೊಂಡು ಲೆಕ್ಕ ಹಾಕಿದ. ಕೊನೆಯ ರೀಲಿನ 21 ಚಿತ್ರಗಳಲ್ಲಿ 90 ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿದ್ದು ಎರಡು.

ಸದ್ಯಕ್ಕೆ ಬೇಡ, ಆ ದುಡ್ಡಿಗೆ ರೀಲು ತಗೋ ಎಂದೆ. ಅವನು ಹ್ಞೂಂ ಅಂದಿಲ್ಲ. ಮಾರುವವರು ಭಾನುವಾರದ ತನಕ ಕಾಯುತ್ತಾರಂತೆ. ಆ ಎರಡೂ ಚಿತ್ರ ಅವನ ಊರಿನ ಕೆರೆಯಾಚೆಯ ಗುಡ್ಡದವು.