ಗ್ರೀನ್ ಕಾರ್ಡ್ ವಾಪಸ್ ಕೊಟ್ಟ ಮಣಿಪಾಲದ ಹುಡುಗ

ನಮ್ಮ ಇನ್ನಂಜೆ, ಶಂಕರಪುರ ಕಡೆ ಒಂದು ಕಾಲಕ್ಕೆ ಎಷ್ಟೋ ಮನೆಗಳಲ್ಲಿ ಗಂಡ ಮುಂಬೈಯ ಹೋಟೆಲಿನಲ್ಲಿ, ಹೆಂಡತಿ ಊರಿನಲ್ಲಿ ಮಲ್ಲಿಗೆ ಕಟ್ಟಿಕೊಂಡು. ಮುಂಬೈಯಲ್ಲಿ ಸಂಸಾರ ಹೂಡುವಷ್ಟು ಸಂಬಳ ಇರಲಿಲ್ಲ, ಅಷ್ಟೇ. ಆದರೆ ಕೈತುಂಬ ಸಂಬಳ ಇದ್ದೂ ಗಂಡ ಹೆಂಡತಿ ದೂರ ಇರಬೇಕಾದ ಕತೆ ಗೊತ್ತಾ? ಅದರ ಬೇರು ನಮ್ಮ ಪಕ್ಕದ ಮಣಿಪಾಲದಲ್ಲೇ ಇದೆ.

ಹೈದರಾಬಾದಿನ ಸತ್ಯ ನಾಡೆಲ್ಲಾ ಮಣಿಪಾಲದ ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಬಿಇ ಮುಗಿಸಿದ್ದು 1988ರಲ್ಲಿ. ಅದೇ ವರ್ಷ ಎಂಎಸ್ ಓದಲು ಅಮೆರಿಕದ ಮಿಲ್ವಾಕಿಗೆ ಹೋದರು. 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು, ಅನು ಅವರನ್ನು ಮದುವೆಯೂ ಆದರು. ಅನು ಕೂಡ ಮಣಿಪಾಲದಲ್ಲೇ ಆರ್ಕಿಟೆಕ್ಚರ್ ಓದಿದವರು. ಸತ್ಯ ಅವರ ಕೈಯಲ್ಲಿ ಆಗಲೇ ಗ್ರೀನ್ ಕಾರ್ಡ್ ಇತ್ತು. ಇನ್ನೇನು ಬೇಕು ಅಂತೀರಾ? ತೊಡಕಾದದ್ದೇ ಆ ಕಾರ್ಡು!

ಅಮೆರಿಕದ ಕಾನೂನು ಹೀಗಿತ್ತು. ಅಲ್ಲಿನ ಪ್ರಜೆಯ ಹೆಂಡತಿಗೆ ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿ ಇಲ್ಲ. ಗ್ರೀನ್ ಕಾರ್ಡಿನವನ ಹೆಂಡತಿಗೆ ಮಿತಿ ಇದೆ, ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕು. ನೋಡಿಕೊಂಡು ಬರೋಣ ಅಂತ ಟೂರಿಸ್ಟ್ ವೀಸಾ ಕೇಳಿದರೆ, ಗಂಡ ಅಲ್ಲೇ ಇದ್ದಾನಲ್ಲ, ಇವಳು ವಾಪಸ್ ಬರುವುದಿಲ್ಲ ಅನ್ನುವ ಅನುಮಾನ. ಆದರೆ 1990ರ ಕಾನೂನಿನಿಂದ ಬಂದ ಎಚ್-1ಬಿ ತಾತ್ಕಾಲಿಕ ಕೆಲಸದ ವೀಸಾ. ಅದು ಇದ್ದವನ ಹೆಂಡತಿ ಎಚ್-4 ವೀಸಾದಲ್ಲಿ ಜೊತೆಗೇ ಹೋಗಬಹುದು. ಕಾಯಂ ಆಗಿ ಇರುವವನ ಹೆಂಡತಿ ಕಾಯಬೇಕು, ನಾಲ್ಕು ದಿನಕ್ಕೆ ಬಂದವನ ಹೆಂಡತಿ ಕೂಡಲೇ ಬರಬಹುದು!

1994ರ ಜೂನಿನಲ್ಲಿ ಸತ್ಯ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ಗ್ರೀನ್ ಕಾರ್ಡ್ ಹಿಂದಿರುಗಿಸಿ ಎಚ್-1ಬಿ ಕೇಳಿದರು. ಹೊರಗೆ ವೀಸಾಕ್ಕೆ ಉದ್ದದ ಸಾಲು, ಒಳಗೆ ಈ ಮನುಷ್ಯ! ಗುಮಾಸ್ತ ತಬ್ಬಿಬ್ಬಾದನಂತೆ. 2017ರ 'ಹಿಟ್ ರಿಫ್ರೆಶ್' ಪುಸ್ತಕದಲ್ಲಿ ಅವರೇ ಇದನ್ನು ಬರೆದುಕೊಂಡಿದ್ದಾರೆ. ಕಡೆಗೂ ಅನು ಸಿಯಾಟಲ್‌ಗೆ ಬಂದು ಸಂಸಾರ ಶುರುವಾಯಿತು.

ಅಮೆರಿಕದ ಭಾರತೀಯರ ಚರಿತ್ರೆಯನ್ನು ನಾವು ಇಸವಿಗಳಲ್ಲಿ ಹೇಳುತ್ತೇವೆ: 1946ರಲ್ಲಿ ವರ್ಷಕ್ಕೆ 100 ಜನರಿಗೆ ಅವಕಾಶ, 1965ರ ಕಾನೂನಿನಿಂದ ವರ್ಷಕ್ಕೆ 20,000ದ ಮಿತಿ. ಈ ಅಂಕಿಗಳಲ್ಲಿ ಊರಲ್ಲಿ ಕಾಯುತ್ತ ಕೂತವರು ಕಾಣುವುದೇ ಇಲ್ಲ. ಬೇಗ ಸೇರಿಕೊಂಡ ಹೆಂಡತಿಯರೂ ಬೇರೆ ಬೆಲೆ ಕೊಟ್ಟರು. ಎಚ್-4ರಲ್ಲಿ ಹೋದವರು ಅಲ್ಲಿ ದುಡಿಯುವಂತಿರಲಿಲ್ಲ. 2015ರಲ್ಲಿ ಕೆಲವರಿಗೆ ಮಾತ್ರ ಅನುಮತಿ ಸಿಕ್ಕಿತು. ಬಿಇ, ಎಂಬಿಬಿಎಸ್ ಓದಿದವರೂ ಅಲ್ಲಿಯತನಕ ಅಡುಗೆಮನೆಯಲ್ಲೇ ಉಳಿದರು. ನಮ್ಮೂರ ಹೆಂಗಸರಿಗೆ ಕೊನೆಪಕ್ಷ ಮಲ್ಲಿಗೆಯ ದುಡ್ಡಾದರೂ ಕೈಗೆ ಬರುತ್ತಿತ್ತು.