ತಮ್ಮವರು ಮತ್ತು ಪರರು: ಧಾರವಾಡದ ಗ್ರಾಮಸೀಮೆಯಲ್ಲಿ ಸ್ವಪರಭೇದ ಹಾಗೂ ಅದರ ಶಮನದ ಚರಿತ್ರೆ

ಮನುಷ್ಯರು ಕುಲ, ಮತ, ಭಾಷೆ, ಕಸುಬು ಮುಂತಾದ ಯಾವುದಾದರೊಂದು ಗುರುತಿನ ಸುತ್ತ ನೆರೆದು, ಆ ಕೂಟದೊಳಗಿನವರನ್ನು ತಮ್ಮವರೆಂದೂ ಹೊರಗಿನವರನ್ನು ಪರರೆಂದೂ ಎಣಿಸಿ, ಒಳಗಿನವರ ತಪ್ಪಿಗೆ ಕ್ಷಮೆಯನ್ನೂ ಹೊರಗಿನವರ ಗುಣಕ್ಕೆ ಸಂಶಯವನ್ನೂ ಸಲ್ಲಿಸುವ ಮನೋಧರ್ಮವನ್ನು ಸ್ವಪರಭೇದವೆನ್ನಬಹುದು. ಈ ಭೇದವು ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಗಳಲ್ಲಿಯೂ, ಮೊದಲು ಅದೇ ಜಿಲ್ಲೆಗೆ ಸೇರಿದ್ದು 1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳಿಗೆ ಹಂಚಿಹೋದ ನೆರೆಯೂರುಗಳಲ್ಲಿಯೂ ಯಾವ ರೂಪಗಳನ್ನು ತಾಳಿತು, ಯಾವ ಬಗೆಯಲ್ಲಿ ಶಮನಗೊಂಡಿತು ಎಂಬುದೇ ಇಲ್ಲಿಯ ವಿಷಯ. ಇಲ್ಲಿ ಭೇದವು ಮೆತ್ತಗಾದ ಸಂದರ್ಭಗಳಲ್ಲಿ ಯಾರೂ ತಂತಮ್ಮ ಗುರುತನ್ನು ಅಳಿಸಿಕೊಳ್ಳಲಿಲ್ಲವೆಂಬುದು ಮೊದಲಿಗೇ ಗಮನಿಸತಕ್ಕ ಸಂಗತಿ. ಒಬ್ಬರ ಆಚರಣೆಯಲ್ಲಿ, ವಿದ್ಯೆಯಲ್ಲಿ, ಸಂಕಟದಲ್ಲಿ ಇನ್ನೊಬ್ಬರಿಗೆ ಒಂದು ಪಾಲೂ ಒಂದು ಹೊಣೆಯೂ ದೊರೆತಾಗ ಗೋಡೆ ತಗ್ಗಿತೇ ಹೊರತು, ಎಲ್ಲರೂ ಒಂದೇ ಎಂಬ ಘೋಷಣೆಯಿಂದ ತಗ್ಗಿದ್ದು ಕಡಿಮೆ.

ಘೋಷಣೆಗಳಿಗೇನೂ ಕೊರತೆಯಿರಲಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವುದನ್ನೇ ಸಂಪತ್ತೆಂದು ಹೇಳಿದೆ; ಅದೇ ಗ್ರಂಥವು ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸುವ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರವು, ಕುಂದಗೋಳ ಸೀಮೆಗೆ ನೆರೆಯದು. ಮನುಷ್ಯಜಾತಿಯ ಏಕತೆಯನ್ನು ಆದಿಪುರಾಣದಲ್ಲಿ ಸಾರಿದ ಪಂಪನಿಗೆ ಅಣ್ಣಿಗೇರಿಯ ನಂಟಿದ್ದುದು ಅವನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದಲ್ಲಿ ಬರೆಯಿಸಿದ ಗಂಗಾಧರಂ ಶಾಸನದಿಂದ ತಿಳಿಯುತ್ತದೆ: ಇವರ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ವೈದಿಕ ವಂಶದಲ್ಲಿ ಹುಟ್ಟಿ ಜೈನನಾದ ತಂದೆಯ ಮಗನು, ಒಂದು ಕಾವ್ಯದಲ್ಲಿ ತೀರ್ಥಂಕರನನ್ನೂ ಇನ್ನೊಂದರಲ್ಲಿ ಭಾರತದ ಕಥೆಯನ್ನೂ ಸಮಾನ ಶ್ರದ್ಧೆಯಿಂದ ನಿರ್ವಹಿಸಿದುದರಲ್ಲಿ ಮನೆಯೊಳಗಣ ಎರಡು ಮತಗಳ ಸಹವಾಸವನ್ನು ಕಾಣುವುದು ಅತಿಶಯವಾಗಲಾರದು.

ಆದರೆ ಅದೇ ಅಣ್ಣಿಗೇರಿಯ ನೆಲದಲ್ಲಿ ಬೇರೆಯ ಸಾಕ್ಷ್ಯವೂ ಉಂಟು. ಬೆಳ್ವೊಲ ನಾಡಿನ ಮೇಲೆ ದಂಡೆತ್ತಿ ಬಂದ ಚೋಳನು ಬಸದಿಗಳನ್ನು ಸುಟ್ಟನೆಂದೂ, ಹಿಂದೆ ಗಂಗರ ಬೂತುಗನ ನೆನಪಿಗಾಗಿ ಅಣ್ಣಿಗೇರಿಯಲ್ಲಿ ಕಟ್ಟಿದ ಬಸದಿಯು ಹೀಗೆ ಹಾಳಾದ ಮೇಲೆ ಪುನಃ ಜೀರ್ಣೋದ್ಧಾರವಾಯಿತೆಂದೂ ಗಾವರವಾಡದ ಹನ್ನೊಂದನೆಯ ಶತಮಾನದ ಶಾಸನವು ಹೇಳುತ್ತದೆ. ಹಾವೇರಿ ಸೀಮೆಯ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನು ಪಂಥ ಕಟ್ಟಿ ಜೈನರನ್ನು ಸೋಲಿಸಿ ಜಿನಬಿಂಬವನ್ನು ಒಡೆದ ಕಥೆ ವಿಜಯೋತ್ಸಾಹದಿಂದ ಕೆತ್ತಲ್ಪಟ್ಟಿದೆ. ಹನ್ನೆರಡನೆಯ ಶತಮಾನದ ಶರಣರು ಜಾತಿಯ ಮೇರೆಗಳನ್ನು ಕಿತ್ತೊಗೆದು ಭಕ್ತರೆಲ್ಲರ ಒಂದು ಹೊಸ ಕುಲವನ್ನು ಕಟ್ಟಿದರಷ್ಟೆ. ಆ ಕುಲಕ್ಕೂ ಒಂದು ಹೊರಗು ಉಂಟಾಯಿತು, ಕಾಲಾಂತರದಲ್ಲಿ ಒಳಗೇ ಪಂಗಡಗಳೂ ಹುಟ್ಟಿದುವು. ಈ ಸೀಮೆಯನ್ನು ಅನಾದಿಯಿಂದ ಸೌಹಾರ್ದದ ತವರೆಂದು ಕೊಂಡಾಡುವ ಭಾಷಣಕಾರರು ಶಾಸನಗಳನ್ನು ಓದುವುದು ವಿರಳ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ವಿಷಯವು ಹೆಚ್ಚು ಸಾಂದ್ರವಾಗುತ್ತದೆ. ಶಿಗ್ಗಾಂವಿ ಸೀಮೆಯ ಶಿಶುನಾಳದಲ್ಲಿ ಇಮಾಮಸಾಹೇಬ ಮತ್ತು ಹಜ್ಜೂಮಾ ಎಂಬವರಿಗೆ 1819ರಲ್ಲಿ ಜನಿಸಿದ ಶರೀಫರು, ಹುಲಗೂರಿನ ಖಾದರಶಾ ವಲಿಯ ಅನುಗ್ರಹದಿಂದ ಹುಟ್ಟಿದ ಮಗುವೆಂದು ಮನೆಯವರಿಂದ ನಂಬಲ್ಪಟ್ಟು, ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಶಾಲಾಮಾಸ್ತರಿಕೆ ಮಾಡಿ, ಅದನ್ನು ಬಿಟ್ಟು ಕುಂದಗೋಳ ಸೀಮೆಯ ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರ ಶಿಷ್ಯರಾದರು. ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರೆಂದೂ, ಊರಿನ ಬ್ರಾಹ್ಮಣರು ಗುರುವನ್ನೂ ಮುಸಲ್ಮಾನರು ಶಿಷ್ಯನನ್ನೂ ಆಕ್ಷೇಪಿಸಿದರೆಂದೂ ಐತಿಹ್ಯ. ಇದು ಜನರ ಬಾಯಲ್ಲಿ ಬೆಳೆದ ಕಥೆಯಾದುದರಿಂದ ಇದರ ವಿವರಗಳನ್ನು ದಸ್ತಾವೇಜಿನಂತೆ ಓದುವುದು ಸಲ್ಲದು. ಆದರೂ ಜನರು ಕಥೆಯನ್ನು ಎಲ್ಲಿಗೆ ನಿಲ್ಲಿಸಿದರೆಂಬುದು ಅರ್ಥವತ್ತಾದುದು. ಜನಿವಾರದ ಬಳಿಕ ಶರೀಫರು ಬ್ರಾಹ್ಮಣರಾಗಲಿಲ್ಲ, ಭಟ್ಟರು ಕಲಮಾ ಓದಲಿಲ್ಲ. ಒಬ್ಬರು ಶರೀಫಸಾಹೇಬರಾಗಿಯೂ ಇನ್ನೊಬ್ಬರು ಭಟ್ಟರಾಗಿಯೂ ಉಳಿದು, ಒಬ್ಬರ ಹೆಸರಿಲ್ಲದೆ ಇನ್ನೊಬ್ಬರನ್ನು ನೆನೆಯಲಾಗದಂತೆ ಬೆಸೆದುಹೋದರು. ಶರೀಫರ ತತ್ತ್ವಪದಗಳು ಭಜನಾ ಮೇಳಗಳ ಕಂಠಗಳಲ್ಲಿ ಊರಿಂದೂರಿಗೆ ಸಂಚರಿಸಿದುವು. ಬೀಸುಕಲ್ಲು, ಸೋರುವ ಮನೆ, ಕೋಳಿ, ಹೊಲ ಎಂಬ ನಿತ್ಯದ ಸಾಮಗ್ರಿಯಿಂದ ಕಟ್ಟಿದ ಆ ಪದಗಳಲ್ಲಿ ಕೇಳುವವನ ಮತ ಯಾವುದೆಂಬ ಪ್ರಶ್ನೆಗೇ ಅವಕಾಶವಿಲ್ಲ, ಏಕೆಂದರೆ ಸೋರುವ ಮಾಳಿಗೆ ಎಲ್ಲರದೂ ಆಗಿತ್ತು. 1889ರಲ್ಲಿ ಅವರು ದೇಹ ಬಿಟ್ಟಾಗ ಎರಡೂ ಮತದವರು ತಂತಮ್ಮ ವಿಧಿಗಳನ್ನು ನೆರವೇರಿಸಿದರೆಂದು ಹೇಳುವರು. ಬಯಲಿನಲ್ಲಿ ಮರದಡಿಯಿರುವ ಅವರ ಗದ್ದುಗೆಗೆ ಇಂದಿಗೂ ಇಬ್ಬರೂ ನಡೆದುಕೊಳ್ಳುವರು. ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದ ಮೇಲೆ ಈ ಕಥೆಯು ನಾಡಿನ ಆಸ್ತಿಯಾಯಿತು. ಸರಕಾರಿ ಭಾಷಣದ ಆಸ್ತಿಯೂ ಆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಶರೀಫರು ಮೊಹರಮ್ಮಿನ ಅಲಾವಿ ಪದಗಳನ್ನೂ ಕಟ್ಟಿದರು. ಕಲಘಟಗಿಯ ಅರೆಮಲೆನಾಡಿನಿಂದ ನವಲಗುಂದದ ಎರೆಭೂಮಿಯವರೆಗೂ ಈ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ ಎಂಬುದು ಒಂದು ಮತದ ಶೋಕಾಚರಣೆಯಾಗಿ ಉಳಿಯದೆ ಊರಹಬ್ಬವಾಗಿದೆ. ಚಂದ್ರದರ್ಶನವಾದೊಡನೆ ಮಸೂತಿಯ ಮುಂದೆ ಗುದ್ದಲಿ ಹಾಕಿ ಅಲಾವಿ ಕುಣಿ ತೋಡುವುದು, ಪಂಜಾಗಳನ್ನು ಕೂರಿಸುವುದು, ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುವುದು, ಚೊಂಗೆ ಮಾಡಿ ಹಂಚುವುದು, ಕತಲ್ ರಾತ್ರಿಯಲ್ಲಿ ಬೆಂಕಿಯ ಸುತ್ತ ಹೆಜ್ಜೆ ಹಾಕುವುದು, ಕಡೆಯ ದಿನ ಡೋಲಿಗಳನ್ನೂ ಪಂಜಾಗಳನ್ನೂ ಹೊಳೆಗೆ ಕಳಿಸುವುದು, ಇವುಗಳಲ್ಲಿ ಗೌಡ, ಕುಲಕರ್ಣಿ, ಬಡಿಗ, ಅಂಬಿಗ, ಹಲಗೆಯವರು ಎಂಬ ಭೇದವಿಲ್ಲದೆ ಪ್ರತಿಯೊಂದು ಮನೆತನಕ್ಕೂ ಪರಂಪರೆಯಿಂದ ಬಂದ ಕೆಲಸವುಂಟು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಹಬ್ಬ ತಪ್ಪದಿರುವುದಕ್ಕೆ ಇದೇ ಕಾರಣ. ಹಸನ-ಹುಸೇನರ ಕಥೆಯನ್ನು ರಿವಾಯತ ಪದವಾಗಿ ಅಚ್ಚ ಹಳ್ಳಿಗನ್ನಡದಲ್ಲಿ ಹಾಡುವ ಮೇಳಗಳು, ಸವಾಲು-ಜವಾಬಿನ ರಭಸದಲ್ಲಿ ಕರ್ಬಲೆಯಿಂದ ಕುರುಕ್ಷೇತ್ರಕ್ಕೆ ದಾಟಿದರೂ ಕೇಳುವವರಿಗೆ ಅಸಂಗತವೆನಿಸುವುದಿಲ್ಲ.

ಈ ವ್ಯವಸ್ಥೆಯನ್ನು ಕೇವಲ ಪ್ರೀತಿಯ ಫಲವೆಂದು ತಿಳಿಯುವುದು ತಪ್ಪಾದೀತು. ಊರ ಕೆಲಸಗಾರರಿಗೆ ಬೆಳೆಯ ಪಾಲು ಸಲ್ಲಿಸುವ ಆಯಗಾರಿಕೆಯ ನಿಯಮದಿಂದ ಕಟ್ಟಲ್ಪಟ್ಟಿದ್ದ ಗ್ರಾಮದಲ್ಲಿ ಮುಲ್ಲಾನಿಗೂ ಕಣದಲ್ಲಿ ಪಾಲಿತ್ತು, ಜಂಗಮನಿಗೂ ಇತ್ತು. ಪಾಲು ಹಂಚಿದ ಕೈಯೇ ಮೇಲು-ಕೀಳುಗಳನ್ನೂ ಗೊತ್ತುಮಾಡಿತ್ತು. ಹಬ್ಬದಲ್ಲಿ ಹಲಗೆ ಬಾರಿಸಿದವನ ಕೇರಿಯು ಹಬ್ಬ ಮುಗಿದ ಮರುದಿನವೂ ಊರ ಹೊರಗೇ ಇತ್ತು. ಮತಗಳ ನಡುವಣ ಗೋಡೆಯನ್ನು ತಗ್ಗಿಸಿದ ಈ ಹಂಚಿಕೆಯು ಅಸ್ಪೃಶ್ಯತೆಯ ಗೋಡೆಯನ್ನು ಮುಟ್ಟಲಿಲ್ಲವೆಂಬುದನ್ನು ಮರೆತು ಬರೆದ ಚರಿತ್ರೆಯು ಅರ್ಧಸತ್ಯ.

ಊರಹಬ್ಬದಂತೆಯೇ ಪೂಜಾಸ್ಥಳಗಳನ್ನು ಹಂಚಿಕೊಂಡ ನಿದರ್ಶನಗಳೂ ಉಂಟು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಬೆಣ್ಣೆಹಳ್ಳದ ದಂಡೆಯ ಒಂದೇ ಸನ್ನಿಧಿಗೆ ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ಹೆಸರಿಟ್ಟು, ಉರುಸಿನ ಕಾಲದಲ್ಲಿ ಒಂದೇ ಹಳ್ಳದಲ್ಲಿ ಮಿಂದು ನಡೆದುಕೊಳ್ಳುವರು. ನವಲಗುಂದದ ನಾಗಲಿಂಗಸ್ವಾಮಿಗಳು ಶರೀಫರ ಸಮಕಾಲೀನರು. ಅವರ ಮಠದಲ್ಲಿ ಬೈಬಲ್ಲಿನ ಒಂದು ಹಳೆಯ ಪ್ರತಿಗೂ ಪೂಜೆ ಸಲ್ಲುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಶರೀಫ-ಗೋವಿಂದಭಟ್ಟರದರಂಥ ಗುರುಶಿಷ್ಯ ಸಂಬಂಧವು ಸಂಗೀತದ ಮಾರ್ಗವಾಗಿ ಇನ್ನೊಮ್ಮೆ ಪ್ರಕಟವಾಯಿತು. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದ ರಾಮಭಾವೂ, ಮುಂದೆ ಸವಾಯಿ ಗಂಧರ್ವರೆಂದು ಪ್ರಖ್ಯಾತರಾದವರು (1886–1952), ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂಖಾನರ ಶಿಷ್ಯವೃತ್ತಿ ಮಾಡಿ, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಕೀರ್ತಿ ಪಡೆದು, ಕಡೆಗೆ ಹುಟ್ಟೂರಿಗೆ ಹಿಂದಿರುಗಿ ತಮ್ಮಲ್ಲಿಗೆ ಬಂದವರಿಗೆ ವಿದ್ಯೆಯನ್ನು ಧಾರೆಯೆರೆದರು. ಕನ್ನಡ ಬೇರೆ ಮರಾಠಿ ಬೇರೆ ಎಂಬ ಜಗಳ ಧಾರವಾಡದ ಪೇಟೆಯಲ್ಲಿ ಕಾವೇರಿದ್ದ ಕಾಲದಲ್ಲಿ ಈ ಕನ್ನಡಿಗನ ಕಂಠವು ಮರಾಠಿ ಪ್ರೇಕ್ಷಕರ ಹೆಮ್ಮೆಯಾಗಿತ್ತು. ಗದುಗಿನ ಭೀಮಸೇನ ಜೋಶಿ, ಮುಂಬಯಿಯ ಪಾರಸಿ ಫಿರೋಜ್ ದಸ್ತೂರ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಇವರೆಲ್ಲರೂ ಅವರ ಶಿಷ್ಯರು. ಕುಂದಗೋಳ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರುಗಳಿಗೂ ಅವರ ಪಾಠ ದೊರೆಯಿತು. ಮುಸಲ್ಮಾನ ಗುರುವಿನಿಂದ ಬ್ರಾಹ್ಮಣನಿಗೆ, ಬ್ರಾಹ್ಮಣನಿಂದ ಪಾರಸಿಗೆ, ಜಂಗಮನಿಗೆ, ಕಲಾವಂತ ಮನೆತನದ ಹೆಣ್ಣುಮಗಳಿಗೆ ಹರಿದ ಈ ವಿದ್ಯೆಗೆ ಜಾತಿಯ ಪತ್ತೆ ಹಚ್ಚುವುದು ಅಸಾಧ್ಯ.

ಗಂಗೂಬಾಯಿಯವರ ಪ್ರಸಂಗ ಮಾತ್ರ ಇಲ್ಲಿ ತುಸು ನಿಲ್ಲುವಂತೆ ಮಾಡುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ ಬಾಲಿಕೆಗೆ, ಉಂಡ ಬಳಿಕ ತನ್ನ ಜಾತಿಯ ಕಾರಣ ಎಲೆ ಎತ್ತಿಸುವರೇನೋ ಎಂಬ ಅಂಜಿಕೆ ಕಾಡಿತ್ತೆಂದು ಅವರೇ ಮುಂದೆ ನೆನೆದಿದ್ದಾರೆ. ಅದೇ ಹುಡುಗಿ ದೊಡ್ಡವಳಾಗಿ ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಗುರುವಿನೆದುರು ಕುಳಿತು ಪಾಠ ಹೇಳಿಸಿಕೊಂಡರು. ಹಾಡಿನ ಮನೆಯಲ್ಲಿ ಭೇದ ಕರಗಿದ್ದು ಪಂಕ್ತಿಯಲ್ಲಿ ಕರಗುವುದಕ್ಕೆ ಬಹುಕಾಲ ಹಿಡಿಯಿತು.

ಭೇದವು ಯಾವಾಗ ಕರಗುತ್ತದೆ ಎಂಬ ಇದೇ ವಿಷಯವನ್ನು ಪಾಶ್ಚಾತ್ಯ ವಿದ್ವಾಂಸರು ಪ್ರಯೋಗದ ಮೂಲಕ ಪರೀಕ್ಷಿಸತೊಡಗಿದ್ದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ. ಗಾರ್ಡನ್ ಆಲ್‌ಪೋರ್ಟರು 1954ರ ತಮ್ಮ ಗ್ರಂಥದಲ್ಲಿ, ಬರಿಯ ಒಡನಾಟದಿಂದ ಪೂರ್ವಗ್ರಹ ಅಳಿಯದು, ಸಮಾನ ಸ್ಥಾನ, ಸಮಾನ ಉದ್ದೇಶ, ಪರಸ್ಪರ ಸಹಕಾರ ಮತ್ತು ಅಧಿಕಾರಸ್ಥರ ಸಮ್ಮತಿ ಇದ್ದಾಗ ಮಾತ್ರ ಅದು ಇಳಿಯುವುದೆಂದು ವಾದಿಸಿದರು. ನಮ್ಮ ಊರಹಬ್ಬವನ್ನು ಈ ಅಳತೆಯಿಂದ ನೋಡಿದರೆ ಕಡೆಯ ಮೂರು ನೆರವೇರಿ ಮೊದಲನೆಯದೇ ಊನವಾಗುತ್ತದೆ. ತುರ್ಕಿಯಲ್ಲಿ ಹುಟ್ಟಿದ ಮುಜಫರ್ ಶೆರೀಫ್ ಎಂಬವರು ಅದೇ 1954ರಲ್ಲಿ ಅಮೆರಿಕದ ಓಕ್ಲಹೋಮಾದ ಒಂದು ಬೇಸಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ಪಂಗಡ ಮಾಡಿ ಪಂದ್ಯಗಳಿಗೆ ಬಿಟ್ಟಾಗ, ಕೆಲವೇ ದಿನಗಳಲ್ಲಿ ಪರಸ್ಪರ ಧ್ವಜ ಸುಡುವಷ್ಟು ದ್ವೇಷ ಬೆಳೆಯಿತು. ಒಟ್ಟಿಗೆ ಉಣಿಸಿದರೂ ಸಿನಿಮಾ ತೋರಿಸಿದರೂ ಅದು ಇಳಿಯಲಿಲ್ಲ. ಕುಡಿಯುವ ನೀರಿನ ಸರಬರಾಜು ಕೆಟ್ಟಿದೆಯೆಂಬ ನೆವದಿಂದ ಇಬ್ಬರೂ ಕೂಡಿ ದುರಸ್ತಿಗೆ ತೊಡಗುವಂತಾದ ಮೇಲೆ ಇಳಿಯತೊಡಗಿತು.

ನೀರಿನ ಮಾತು ನವಲಗುಂದಕ್ಕೆ ಹೊಸದಲ್ಲ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆಯ ನೀರು ಸರಿಯಾಗಿ ತಲಪುವ ಮೊದಲೇ ಅಭಿವೃದ್ಧಿ ಕರದ ಹೊರೆ ಬಿದ್ದಾಗ, ನವಲಗುಂದ ಮತ್ತು ನರಗುಂದದ ರೈತರು 1980ರ ಜುಲೈ 21ರಂದು ಬಂಡೆದ್ದರು. ಗೋಲಿಬಾರಿನಲ್ಲಿ ರೈತರು ಮಡಿದರು. ಲಿಂಗಾಯತ, ಕುರುಬ, ಮುಸಲ್ಮಾನ ಎಂಬ ಹೆಸರುಗಳ ಮೇಲೆ ರೈತನೆಂಬ ಹೆಸರು ನಿಂತ ಈ ಘಟನೆಯು ರಾಜ್ಯದ ರೈತ ಚಳವಳಿಗೆ ಕಿಡಿಯಾಯಿತು. ಇದಾದ ಹದಿನಾಲ್ಕು ವರ್ಷಕ್ಕೆ ಹತ್ತಿರದ ಹುಬ್ಬಳ್ಳಿಯಲ್ಲಿ ಈದ್ಗಾ ಮೈದಾನದ ವಿವಾದದಿಂದ ಹಿಂದೂ-ಮುಸ್ಲಿಂ ಬಿಕ್ಕಟ್ಟು ಉಲ್ಬಣಿಸಿ ಅಲ್ಲಿಯೂ ಗೋಲಿಬಾರಾಯಿತು. ಎರಡನ್ನೂ ಒಂದೇ ಪೀಳಿಗೆ ಕಂಡಿತು.

ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ 2015ರಿಂದ ನಡೆದ ಹೋರಾಟದಲ್ಲಿಯೂ ಮಠಾಧೀಶರು, ಮೌಲವಿಗಳು, ರೈತರು ಒಂದೇ ವೇದಿಕೆಗೆ ಬಂದರು. ಮಹದಾಯಿ ಜಲವಿವಾದದ ನ್ಯಾಯಾಧಿಕರಣವು 2016ರ ಜುಲೈನಲ್ಲಿ 7.56 ಟಿಎಂಸಿ ನೀರಿನ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿದ ಬೆನ್ನಿಗೇ, ಚಾಂಗದೇವನ ಊರಾದ ಯಮನೂರಿನಲ್ಲಿ ಪೊಲೀಸರ ಲಾಠಿ ಏಟು ಮನೆಮನೆಗೂ ಬಿತ್ತು. ಇಲ್ಲಿ ಕೂಡಿದ ತಮ್ಮವರ ಬಳಗ ಹಿಂದೆಂದಿಗಿಂತ ವಿಶಾಲವಾದುದೇನೋ ನಿಜ. ಆದರೆ ಪರರ ಸ್ಥಾನಕ್ಕೆ ಈಗ ನದಿಯ ಕೆಳಗಣ ಗೋವೆಯವರು ಬಂದು ನಿಂತರು, ಅಲ್ಲಿಯ ಹಳ್ಳಿಗಳಲ್ಲಿಯೂ ಕನ್ನಡಿಗರ ಕುರಿತು ಇಂಥದೇ ಮಾತು ಕೇಳಿಬರತೊಡಗಿತು. ನ್ಯಾಯಾಧಿಕರಣವು 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿ ತೀರ್ಪಿತ್ತಿತು. ಅದರ ಮೇಲಣ ವ್ಯಾಜ್ಯವನ್ನು ಕರ್ನಾಟಕವೂ ಗೋವೆಯೂ ಸುಪ್ರೀಂ ಕೋರ್ಟಿಗೆ ಒಯ್ದಿವೆ.