ಬಿಳಿಯ ರಕ್ತಕಣಗಳ ಆಹಾರ: ಪೋಷಕದ್ರವದ ಪೂರಕಗಳ ಇತಿಹಾಸ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಿದ್ಧಾಂತಗಳ ಉದಯಾಸ್ತಗಳನ್ನೂ ಮಹಾಪುರುಷರ ಸಾಧನೆಯನ್ನೂ ವರ್ಣಿಸಿ ತೃಪ್ತರಾಗುತ್ತಾರೆ. ಪ್ರಯೋಗಶಾಲೆಯ ಸೀಸೆಯಲ್ಲಿ ಏನೇನಿತ್ತು, ಅದನ್ನು ಏತಕ್ಕಾಗಿ ಬೆರೆಸಿದರು ಎಂಬ ಪ್ರಶ್ನೆಗಳು ಅಡುಗೆಯ ಮನೆಯ ವಿಚಾರಗಳೆಂಬಂತೆ ಹಿಂದೆ ಉಳಿಯುತ್ತವೆ. ಆದರೆ ರಾಜವಂಶಗಳ ಚರಿತ್ರೆಗೆ ಶಾಸನವು ಎಂತಹ ಆಧಾರವೋ ಪ್ರಯೋಗಗಳ ಚರಿತ್ರೆಗೆ ಪಾಕಸೂತ್ರವೂ ಅಂತಹದೇ ಆಧಾರವೆಂಬುದು ನಮ್ಮ ಅಭಿಪ್ರಾಯ. ಮಾನವನ ರೋಗರಕ್ಷಕ ಕಣಗಳನ್ನು, ಮುಖ್ಯವಾಗಿ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳನ್ನು, ದೇಹದ ಹೊರಗೆ ಬೆಳೆಸಲು ವಿದ್ವಾಂಸರು ಯಾವ ಪೂರಕಗಳನ್ನು ಆಯ್ದುಕೊಂಡರು, ಆ ಆಯ್ಕೆಯಿಂದ ಯಾವ ಜ್ಞಾನ ಲಭಿಸಿತು, ಯಾವುದು ಮರೆಯಾಯಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಅಮೆರಿಕದ ರಾಸ್ ಹ್ಯಾರಿಸನ್ನರು 1907ರಲ್ಲಿ ಕಪ್ಪೆಯ ಭ್ರೂಣದ ನರತಂತುವನ್ನು ಹೆಪ್ಪುಗಟ್ಟಿದ ದುಗ್ಧರಸದಲ್ಲಿ ಬೆಳೆಸಿ ತೋರಿಸಿದರು. ಅವರ ಮಾರ್ಗವನ್ನು ಹಿಡಿದ ಅಲೆಕ್ಸಿಸ್ ಕ್ಯಾರೆಲ್ಲರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಕೋಳಿಯ ರಕ್ತದ ಪ್ಲಾಸ್ಮಾಕ್ಕೆ ಭ್ರೂಣರಸವನ್ನು ಸೇರಿಸಿ ಅಂಗಾಂಶಗಳನ್ನು ದೀರ್ಘಕಾಲ ಬದುಕಿಸಿದರು. 1912ರಲ್ಲಿ ಕೋಳಿಮರಿಯ ಹೃದಯದಿಂದ ಅವರು ಪ್ರಾರಂಭಿಸಿದ ಕೃಷಿಯು 1946ರವರೆಗೂ ನಡೆಯಿತು. ದೇಹದಿಂದ ಬಿಡುಗಡೆ ಹೊಂದಿದ ಜೀವಕೋಶಕ್ಕೆ ಮರಣವಿಲ್ಲವೆಂಬ ನಂಬಿಕೆ ಅದರಿಂದ ಹಬ್ಬಿತು. ಆದರೆ ಮಾನವನ ಸಹಜ ಕೋಶಗಳು ಮಿತವಾದಷ್ಟು ಸಲ ಮಾತ್ರ ವಿಭಜನೆ ಹೊಂದುತ್ತವೆಂದು ಹೇಫ್ಲಿಕ್ ಮತ್ತು ಮೂರ್‌ಹೆಡ್ಡರು 1961ರಲ್ಲಿ ಪ್ರಕಟಿಸಿದರು. ಕ್ಯಾರೆಲ್ಲರ ಭ್ರೂಣರಸದ ಜೊತೆಯಲ್ಲಿಯೇ ಹೊಸ ಕೋಶಗಳೂ ಸೇರುತ್ತಿದ್ದಿರಬಹುದೆಂಬ ಶಂಕೆ ಆಮೇಲೆ ಮೂಡಿತು. ಒಳಗಿರುವುದೇನೆಂದು ತಿಳಿಯದ ಪೂರಕವು ಪೋಷಣೆಯನ್ನೂ ಮಾಡಬಲ್ಲುದು, ಸುಳ್ಳುಸಾಕ್ಷ್ಯವನ್ನೂ ನುಡಿಯಬಲ್ಲುದು ಎಂಬ ಎಚ್ಚರಿಕೆ ಇಲ್ಲಿಂದಲೇ ಮೊದಲಾಗುತ್ತದೆ.

ದ್ರವದ ಘಟಕಗಳನ್ನು ಒಂದೊಂದಾಗಿ ಎಣಿಸುವ ಕಾರ್ಯವನ್ನು ಹ್ಯಾರಿ ಈಗಲ್ಲರು ಕೈಗೊಂಡರು. 13 ಅಮೈನೋ ಆಮ್ಲಗಳು, ಕೆಲವು ಜೀವಸತ್ತ್ವಗಳು, ಲವಣಗಳು, ಗ್ಲೂಕೋಸ್ ಸಕ್ಕರೆ ಇವು ಜೀವಕೋಶಕ್ಕೆ ಅತ್ಯವಶ್ಯವೆಂದು 1955ರಲ್ಲಿ ನಿರ್ಣಯಿಸಿ, 1959ರಲ್ಲಿ ಕನಿಷ್ಠಾವಶ್ಯಕ ದ್ರವದ ಸೂತ್ರವನ್ನು ಕೊಟ್ಟರು. ಆದರೆ ಇಷ್ಟರಿಂದಲೇ ಕೋಶಗಳು ಬೆಳೆಯಲಿಲ್ಲ. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿಯನ್ನು, ಎಂದರೆ ಸೀರಮ್ಮನ್ನು, ಸ್ವಲ್ಪ ಸೇರಿಸಲೇಬೇಕಾಯಿತು. ಹಸುವಿನ ಗರ್ಭದಲ್ಲಿರುವ ಕರುವಿನ ಸೀರಂ ಈ ಕಾರ್ಯಕ್ಕೆ ಬಹುಮಟ್ಟಿಗೆ ರೂಢಿಗೆ ಬಂದಿತು. ಅದರಲ್ಲಿ ಬೆಳವಣಿಗೆಯ ಪ್ರಚೋದಕಗಳು ಹೇರಳ. ತಾಯಿಯ ಪ್ರತಿವಿಷಗಳು ಹಸುವಿನ ಗರ್ಭವೇಷ್ಟನವನ್ನು ದಾಟಿ ಕರುವನ್ನು ಸೇರುವುದಿಲ್ಲವಾದ್ದರಿಂದ ಅವು ಅತ್ಯಲ್ಪ. ನೂರಕ್ಕೆ ಹತ್ತು ಪಾಲು ಸೀರಂ ಎಂಬುದು ವಾಡಿಕೆಯ ಪ್ರಮಾಣವಾಯಿತು. ಸೂತ್ರದ ಉಳಿದ ತೊಂಬತ್ತು ಪಾಲು ವಿದ್ವಾಂಸರಿಗೆ ತಿಳಿದುದರ ಪಟ್ಟಿ. ಈ ಹತ್ತು ಪಾಲು ತಿಳಿಯದುದರ ಹೆಸರು.

ಲಿಂಫೋಸೈಟು ವಿಭಜನೆಯ ಶಕ್ತಿಯನ್ನು ಕಳೆದುಕೊಂಡ ಕಣವೆಂಬ ಮತ ಆ ಕಾಲದಲ್ಲಿ ಪ್ರಬಲವಾಗಿತ್ತು. ಫಿಲಡೆಲ್ಫಿಯದ ಪೀಟರ್ ನೋವೆಲ್ಲರು ಮಾನವನ ಬಿಳಿಯ ಕಣಗಳನ್ನು ಬೆಳೆಸುತ್ತಿದ್ದಾಗ, ಅವು ಕೆಲವೇ ದಿನಗಳಲ್ಲಿ ವಿಭಜನೆ ಹೊಂದುತ್ತಿರುವುದನ್ನು ಕಂಡರು. ಕಾರಣವನ್ನು ಹುಡುಕುತ್ತ ಹೋದಾಗ ಅದು ಕೆಂಪು ರಾಜ್ಮಾ ಕಾಳಿನ ಸಾರವಾದ ಫೈಟೋಹೀಮಾಗ್ಲುಟಿನಿನ್ ಎಂದು ಗೊತ್ತಾಯಿತು. ನಮ್ಮ ಹುರುಳಿಕಾಯಿಯ ಜಾತಿಗೇ ಸೇರಿದ ಈ ಕಾಳಿನ ಸಾರವನ್ನು ಕೆಂಪು ಕಣಗಳನ್ನು ಗಂಟುಕಟ್ಟಿಸಿ ಬೇರ್ಪಡಿಸುವುದಕ್ಕಾಗಿ ಮಾತ್ರ ಬಳಸುತ್ತಿದ್ದರು. 1960ರಲ್ಲಿ ಪ್ರಕಟವಾದ ಈ ಸಂಶೋಧನೆಯಿಂದ ಲಿಂಫೋಸೈಟಿನ ವಿಷಯದ ಹಳೆಯ ಮತ ಬಿದ್ದುಹೋಯಿತು. ಸ್ವಲ್ಪವೇ ರಕ್ತದಿಂದ ಮನುಷ್ಯನ ಕ್ರೋಮೋಸೋಮುಗಳನ್ನು ಪರೀಕ್ಷಿಸುವುದೂ ಸುಲಭವಾಯಿತು. ಸಿದ್ಧಾಂತವು ಪೂರಕವನ್ನು ಆಯಲಿಲ್ಲ. ಪೂರಕವೇ ಸಿದ್ಧಾಂತವನ್ನು ತಿದ್ದಿತು.

ಇಂತಿರಲು ಬಿಳಿಯ ಕಣಗಳಿಗೆಂದೇ ಒಂದು ದ್ರವ ಅವಶ್ಯವಾಯಿತು. ಬಫಲೋ ನಗರದ ರೋಸ್‌ವೆಲ್ ಪಾರ್ಕ್ ಸ್ಮಾರಕ ಸಂಸ್ಥೆಯಲ್ಲಿ ಜಾರ್ಜ್ ಮೂರರೂ ಅವರ ಸಹೋದ್ಯೋಗಿಗಳೂ ಸಿದ್ಧಪಡಿಸಿ 1967ರಲ್ಲಿ ಪ್ರಕಟಿಸಿದ ದ್ರವವು ಆ ಸಂಸ್ಥೆಯ ಹೆಸರಿನಿಂದಲೇ ಆರ್‌ಪಿಎಂಐ 1640 ಎಂದು ಪ್ರಸಿದ್ಧವಾಗಿದೆ. ಅದರಲ್ಲಿ ಗ್ಲುಟಾಥಯೋನ್ ಉಂಟು. ಲೀಟರಿಗೆ 300 ಮಿಲಿಗ್ರಾಂ ಗ್ಲುಟಮಿನ್ ಉಂಟು. ಫಾಸ್ಫೇಟು ಹೆಚ್ಚು, ಕ್ಯಾಲ್ಸಿಯಂ ಕಡಮೆ. ಈ ಕಡೆಯ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ಆದರೆ ದ್ರವವು ಒಂದೇ ಆದರೂ ಸೀರಂ ಒಂದೇ ಆಗಿರಲಿಲ್ಲ. ಮಿಶೆಲ್ ಮತ್ತು ಡಟನ್ನರು 1967ರಲ್ಲಿ ಇಲಿಯ ಗುಲ್ಮದ ಕೋಶಗಳಿಂದ ಪ್ರತಿವಿಷದ ಉತ್ಪತ್ತಿಯನ್ನು ಸೀಸೆಯಲ್ಲಿಯೇ ಸಾಧಿಸಿದ ತರುವಾಯ, ಒಂದು ತಂಡದ ಸೀರಂ ಫಲ ಕೊಡುವುದು, ಮತ್ತೊಂದು ತಂಡದ್ದು ಕೊಡದಿರುವುದು ಎಲ್ಲರ ಅನುಭವಕ್ಕೂ ಬಂದಿತು. ತಂಡತಂಡವನ್ನೂ ಪರೀಕ್ಷಿಸಿ ಕೊಳ್ಳುವ ಪದ್ಧತಿ ಬೆಳೆಯಿತು. ಸೀರಮ್ಮನ್ನು 56 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ 30 ನಿಮಿಷ ಇರಿಸಿ ಅದರ ಕೋಶಘಾತಕ ಶಕ್ತಿಯನ್ನು ಕುಂದಿಸುವುದು ರೂಢಿಯಾಯಿತು. ಹಸುವಿನ ಪ್ರೋಟೀನುಗಳೇ ಮಾನವನ ಲಿಂಫೋಸೈಟನ್ನು ಕೆರಳಿಸಬಹುದೆಂಬ ಸಂಶಯವಿದ್ದವರು ಎಬಿ ಗುಂಪಿನ ಗಂಡಸರ ಸೀರಮ್ಮನ್ನು ಆರಿಸಿಕೊಂಡರು. ಆ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ಗುಂಪುಗಳ ಗುರುತುಗಳಿಗೆ ವಿರುದ್ಧವಾದ ಪ್ರತಿವಿಷಗಳಿಲ್ಲ.

1976ರಲ್ಲಿ ಮತ್ತೊಂದು ತಿರುವು ಬಂದಿತು. ಮಾರ್ಗನ್, ರುಸ್ಸೆಟಿ, ಗ್ಯಾಲೋ ಇವರು ಬೇರೊಂದು ಬಗೆಯ ಕಣಗಳನ್ನು ಬೆಳೆಸಲು ಯತ್ನಿಸುತ್ತ, ಕಾಳಿನ ಸಾರದಿಂದ ಕೆರಳಿಸಿದ ಲಿಂಫೋಸೈಟುಗಳು ಬೆಳೆದ ಹಳೆಯ ದ್ರವವನ್ನೇ ಪೂರಕವಾಗಿ ಸೇರಿಸಿದರು. ಬೆಳೆದುದು ಅವರು ನಿರೀಕ್ಷಿಸಿದ ಕಣವಲ್ಲ, ಟಿ ಲಿಂಫೋಸೈಟು. ಆ ದ್ರವದಲ್ಲಿದ್ದ ಪ್ರಚೋದಕಕ್ಕೆ 1979ರಲ್ಲಿ ಇಂಟರ್‌ಲ್ಯೂಕಿನ್-2 ಎಂಬ ಹೆಸರು ಬಂದಿತು. 1983ರಲ್ಲಿ ಜಪಾನಿನ ತನಿಗುಚಿಯವರ ಬಳಗವು ಅದರ ಜೀನಿನ ಪ್ರತಿಯನ್ನು ಪಡೆಯಿತು. ಅದೇ ವರ್ಷ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯವರು ರೋಗಿಯೊಬ್ಬನ ದುಗ್ಧಗ್ರಂಥಿಯ ಲಿಂಫೋಸೈಟುಗಳನ್ನು ಈ ಪ್ರಚೋದಕದ ಬಲದಿಂದ ಬೆಳೆಸಿದುದರಿಂದಲೇ ಏಡ್ಸ್ ರೋಗದ ವೈರಸ್ಸನ್ನು ಗುರುತಿಸಲು ಸಾಧ್ಯವಾಯಿತು. ಏಳು ವರ್ಷಗಳ ಹಿಂದೆ ಈ ಪೂರಕ ದೊರೆಯದೆ ಇದ್ದಿದ್ದರೆ ಆ ಮಹಾಮಾರಿಯ ಕಾರಣ ಇನ್ನೆಷ್ಟು ಕಾಲ ಅಜ್ಞಾತವಾಗಿರುತ್ತಿತ್ತೋ ಹೇಳುವುದು ಕಷ್ಟ.

ಇದೇ ಕಾಲದಲ್ಲಿ ಸೀರಮ್ಮನ್ನು ಒಡೆದು ನೋಡುವ ಪ್ರಯತ್ನಗಳೂ ನಡೆದುವು. ಐಸ್ಕೋವ್ ಮತ್ತು ಮೆಲ್ಕರ್ಸರು 1978ರಲ್ಲಿ ಇಲಿಯ ಬಿ ಲಿಂಫೋಸೈಟುಗಳಿಗೆ ಸೀರಮ್ಮಿನ ಬದಲು ಆಲ್ಬುಮಿನ್, ಟ್ರಾನ್ಸ್‌ಫೆರಿನ್, ಸೋಯಾ ಕಾಳಿನ ಮೇದಸ್ಸು ಇವುಗಳನ್ನು ಕೊಟ್ಟು ಬೆಳೆಸಿದರು. ಆಲ್ಬುಮಿನ್ ಮೇದಾಮ್ಲಗಳನ್ನು ಹೊತ್ತು ತರುತ್ತದೆ. ಟ್ರಾನ್ಸ್‌ಫೆರಿನ್ ಕಬ್ಬಿಣವನ್ನು ಒದಗಿಸುತ್ತದೆ. ಇತರರು ಸೇರಿಸಿದ ಸೆಲೆನಿಯಂ ಆಮ್ಲಜನಕದ ಹಾನಿಯಿಂದ ಕೋಶವನ್ನು ಕಾಯುತ್ತದೆ. ಹೀಗೆ ಒಂದು ಹೆಸರಿನ ಹಿಂದೆ ಅಡಗಿದ್ದ ಹಲವು ಕೆಲಸಗಾರರು ಒಬ್ಬೊಬ್ಬರಾಗಿ ಬೆಳಕಿಗೆ ಬಂದರು.

ಆಯ್ಕೆಯ ಭಾರ ಪ್ರಯೋಗಶಾಲೆಗಷ್ಟೇ ಸೀಮಿತವಲ್ಲ. ಹುಚ್ಚುಹಸುವಿನ ರೋಗವು ಮನುಷ್ಯರಿಗೂ ತಗಲಿದುದು 1996ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಮೇಲೆ ಹಸುವಿನ ಸೀರಂ ಯಾವ ದೇಶದ್ದೆಂಬ ಪ್ರಶ್ನೆ ಬಹು ಮುಖ್ಯವಾಯಿತು. ಕಸಾಯಿಖಾನೆಯಲ್ಲಿ ಗಬ್ಬದ ಹಸುವಿನ ಕರುವಿನಿಂದ ಅದನ್ನು ತೆಗೆಯುವರೆಂಬ ನೈತಿಕ ಆಕ್ಷೇಪವೂ ಇದೆ. ರೋಗಿಯ ಟಿ ಕಣಗಳನ್ನೇ ಮಾರ್ಪಡಿಸಿ ಬೆಳೆಸಿ ಆತನಿಗೆ ಮರಳಿ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 2017ರಲ್ಲಿಯೂ, ಮುಂಬಯಿಯಲ್ಲಿ ರೂಪುಗೊಂಡ ಅಂತಹ ಚಿಕಿತ್ಸೆಗೆ ಭಾರತದಲ್ಲಿ 2023ರಲ್ಲಿಯೂ ಅನುಮತಿ ದೊರೆತಿದೆ. ಸೀಸೆಯ ದ್ರವವು ಈಗ ರೋಗಿಯ ರಕ್ತಕ್ಕೆ ನೆರೆಮನೆಯಾಗಿದೆ. ಪೂರಕದ ಆಯ್ಕೆಗೆ ತಕ್ಕಂತೆ ಕಣದ ಸ್ವಭಾವವೂ ಬದಲಾಗುತ್ತದೆ: ಇಂಟರ್‌ಲ್ಯೂಕಿನ್-2 ಟಿ ಕಣಗಳನ್ನು ಬೇಗ ವೃದ್ಧಿಗೊಳಿಸಿದರೆ, 7 ಮತ್ತು 15 ಎಂಬ ಅದರ ಬಂಧುಗಳು ದೀರ್ಘಕಾಲ ಬಾಳುವ ನೆನಪಿನ ಕಣಗಳನ್ನು ಉಳಿಸಲು ಹೆಚ್ಚು ಸಹಾಯಕ.

ಇನ್ನು ಕ್ಯಾಲ್ಸಿಯಮ್ಮಿನ ಮಾತು. ಮಾನವನ ಪ್ಲಾಸ್ಮಾವನ್ನೇ ಹೋಲುವ ಕೃತಕ ದ್ರವವೊಂದನ್ನು 2017ರಲ್ಲಿ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. ಅದರಲ್ಲಿ ಟಿ ಕಣಗಳು ಹೆಚ್ಚು ಚುರುಕಾಗಿ ಪ್ರಚೋದನೆಗೊಳ್ಳುತ್ತವೆಂದು 2020ರಲ್ಲಿ ತಿಳಿದುಬಂದಿತು. ಮುಖ್ಯ ಕಾರಣ ಕ್ಯಾಲ್ಸಿಯಂ. ಆರ್‌ಪಿಎಂಐ 1640ರಲ್ಲಿ ಇರುವುದು ಅದರ ಸುಮಾರು ಆರನೆಯ ಒಂದು ಪಾಲು ಮಾತ್ರ. ಐವತ್ತು ವರ್ಷಗಳಿಗೂ ಮಿಗಿಲಾಗಿ ಅಸಂಖ್ಯಾತ ಪ್ರಯೋಗಗಳು ಕ್ಯಾಲ್ಸಿಯಮ್ಮಿನ ಕೊರತೆಯಲ್ಲಿಯೇ ನಡೆದುವು. ಆ ಫಲಿತಾಂಶಗಳೆಲ್ಲ ಹುಸಿಯೆಂದು ಇದರ ಅರ್ಥವಲ್ಲ. ಅವು ಯಾವ ನೆಲದಲ್ಲಿ ನಿಂತು ಹೇಳಿದ ಮಾತುಗಳೆಂಬುದನ್ನು ತಿಳಿದು ಓದಬೇಕೆಂದಷ್ಟೇ ಅರ್ಥ.

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು: ಎಲ್ಲ ಪ್ರಶ್ನೆಗಳಿಗೂ ಒಪ್ಪುವ ಒಂದೇ ಪೂರಕ ಇಲ್ಲ. ಯಾವ ಕಣ, ಯಾವ ಉದ್ದೇಶ, ಎಷ್ಟು ಕಾಲ ಎಂಬುದನ್ನು ಮೊದಲು ನಿಶ್ಚಯಿಸಿ, ಅನಂತರ ದ್ರವವನ್ನು ಆಯಬೇಕು. ಆಯ್ದುದನ್ನು ತಂಡದ ಸಂಖ್ಯೆಯ ಸಹಿತ ದಾಖಲೆ ಮಾಡಬೇಕು. ಶಾಸನದ ಕಾಲ ದೇಶಗಳನ್ನು ನಿರ್ಣಯಿಸದೆ ಅದರ ಅರ್ಥವನ್ನು ನಿರ್ಣಯಿಸಲಾಗದೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಮೊದಲ ಪಾಠ. ಸೀಸೆಯ ದ್ರವಕ್ಕೂ ಆ ಪಾಠವೇ ಅನ್ವಯಿಸುತ್ತದೆ.